‘ಏನಾದರೂ ಬೇಕಿದ್ದರೆ ಹೇಳು’ ಎನ್ನುವ ಬದಲು...

ಆಪ್ತರು ಕಷ್ಟದಲ್ಲಿದ್ದಾರೆ ಎಂದು ತಿಳಿದಾಗ ನಮ್ಮ ಬಾಯಿಂದ ಮೊದಲು ಬರುವುದು ಇದೇ ಮಾತು. ಹೇಳುವುದು ಮನಸಾರೆಯೇ. ಆದರೆ ಏನು ಬೇಕೆಂದು ಯೋಚಿಸಿ, ಕೇಳಲೋ ಬೇಡವೋ ಎಂದು ತೂಗಿ, ಕೊನೆಗೆ ಬಾಯಿಬಿಟ್ಟು ಕೇಳುವ ಕೆಲಸವೆಲ್ಲ ಆಗಲೇ ಸೋತಿರುವವರ ಮೇಲೇ ಬೀಳುತ್ತದೆ. ಹೆಚ್ಚಿನವರು ಕೇಳದೆ ಸುಮ್ಮನಾಗುತ್ತಾರೆ. ಹಾಗಾದರೆ ಏನು ಮಾಡಬಹುದು?

ಮೊದಲು ಗಮನಿಸಿ

ಒತ್ತಡ ಮಾತಿಗಿಂತ ಮೊದಲು ಮೈಯಲ್ಲಿ ಕಾಣುತ್ತದೆ. ಅಪಾಯ ಎದುರಾದಾಗ ದೇಹ ಹೋರಾಡಲು ಇಲ್ಲವೇ ಓಡಲು ಸಜ್ಜಾಗುತ್ತದೆ ಎಂದು ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರಲ್ಲೇ ವಿವರಿಸಿದ್ದರು. ಅಡ್ರಿನಲಿನ್ ಏರುತ್ತದೆ, ಎದೆಬಡಿತ ಜೋರಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಅಪಾಯ ಕಳೆದ ಮೇಲೆ ಇದೆಲ್ಲ ಇಳಿಯಬೇಕು. ಆದರೆ ಸಾಲವೋ ಮನೆಯವರ ಕಾಯಿಲೆಯೋ ತಿಂಗಳುಗಟ್ಟಲೆ ಎಳೆದರೆ ಇಳಿಯಲು ಬಿಡುವೇ ಸಿಗುವುದಿಲ್ಲ. ನಿದ್ದೆ ಕೆಡುತ್ತದೆ, ಮರೆವು ಹೆಚ್ಚುತ್ತದೆ, ಸಣ್ಣ ಮಾತಿಗೂ ರೇಗುತ್ತದೆ. ‘ಈಚೆಗೆ ಇವನಿಗೆ ಸೊಕ್ಕು’ ಎಂದುಕೊಳ್ಳುವ ಮುನ್ನ ಇದನ್ನು ನೆನೆಯಿರಿ.

ಕೇಳಿ, ಆಮೇಲೆ ಕಿವಿಗೊಡಿ

‘ಹೇಗಿದ್ದೀಯಾ?’ ಎಂದರೆ ‘ಚೆನ್ನಾಗಿದ್ದೀನಿ’ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ‘ಈ ವಾರ ನಿದ್ದೆ ಬರ್ತಿದೆಯಾ?’ ಎಂದು ಕೇಳಿ ನೋಡಿ. ಎದುರುಬದುರು ಕೂರುವುದಕ್ಕಿಂತ ಜೊತೆಯಲ್ಲಿ ನಡೆಯುತ್ತಾ ಕೇಳಿದರೆ ಮಾತು ಸಲೀಸು. ಅವರು ಬಾಯಿಬಿಡದಿದ್ದರೆ ಒತ್ತಾಯ ಬೇಡ. ‘ನಾಳಿದ್ದು ಫೋನ್ ಮಾಡ್ತೀನಿ’ ಎಂದು ಹೇಳಿ, ಮರೆಯದೆ ಮಾಡಿ.

ಮಾತು ಶುರುವಾದ ಮೇಲೆ ‘ನನಗೂ ಹೀಗೇ ಆಗಿತ್ತು’ ಎಂದು ನಮ್ಮ ಕಥೆಗೆ ತಿರುಗಬಾರದು. ‘ಎಲ್ಲ ಸರಿಹೋಗುತ್ತೆ’ ಎಂಬುದೂ ಅವರ ಮಾತಿಗೆ ಮುಚ್ಚಳ ಹಾಕಿದಂತೆ. ‘ಸುಮ್ಮನೆ ಕೇಳಿಸಿಕೊಳ್ಳಲಾ, ಇಲ್ಲ ದಾರಿ ಹುಡುಕೋಣವಾ?’ ಎಂದು ಅವರನ್ನೇ ಕೇಳಿಬಿಡಿ. ಆದರೆ ಒಂದೇ ನೋವನ್ನು ಇಬ್ಬರೂ ದಿನವೂ ಕೆದಕುತ್ತಾ ಕೂತರೆ ಸ್ನೇಹ ಗಟ್ಟಿಯಾದರೂ ಆತಂಕ ಇಳಿಯುವುದಿಲ್ಲ. ಎಷ್ಟೋ ಹೊತ್ತು ಕೇಳಿಯಾದ ಮೇಲೆ ‘ನಾಳೆ ಬೆಳಿಗ್ಗೆ ಮೊದಲು ಯಾವುದನ್ನ ನೋಡೋಣ?’ ಎಂದು ಮೆಲ್ಲಗೆ ಹೊರಳಿಸಿ.

ಒಂದು ಭಾರ ಇಳಿಸಿ, ಸದ್ದಿಲ್ಲದೆ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಮನೋವಿಜ್ಞಾನಿ ನಯಾಲ್ ಬೋಲ್ಜರ್ ಮತ್ತು ಸಂಗಡಿಗರು 2000ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಕೀಲಿಕೆಯ ಪರೀಕ್ಷೆಗೆ ಓದುತ್ತಿದ್ದವರೂ ಅವರ ಸಂಗಾತಿಗಳೂ ದಿನಚರಿ ಬರೆದಿಟ್ಟರು. ಸಂಗಾತಿ ನೆರವಾಗಿದ್ದರೂ ಅದು ಓದುತ್ತಿದ್ದವರ ಗಮನಕ್ಕೆ ಬಾರದೇ ಹೋದಾಗಲೇ ಹೆಚ್ಚು ಪ್ರಯೋಜನವಾಗಿತ್ತು. ಎದ್ದು ಕಾಣುವ ನೆರವು ‘ನನ್ನ ಕೈಲಾಗುತ್ತಿಲ್ಲ’ ಎಂಬ ಭಾವವನ್ನೂ ಹೊತ್ತು ತರಬಹುದು.

ತಂದೆ ಆಸ್ಪತ್ರೆಯಲ್ಲಿದ್ದಾಗ ನನ್ನನ್ನು ಹೆಚ್ಚು ದಣಿಸಿದ್ದು ಸಂಬಂಧಿಕರ ಫೋನು. ಅದೇ ವಿವರವನ್ನು ಮತ್ತೆ ಮತ್ತೆ ಹೇಳಬೇಕು. ಗೆಳತಿಯೊಬ್ಬಳು ಸಂಜೆ ಬಂದು, ‘ನೀನು ಸ್ವಲ್ಪ ಮಲಗು’ ಎಂದು ಫೋನನ್ನು ತಾನೇ ಇಟ್ಟುಕೊಳ್ಳುತ್ತಿದ್ದಳು. ಅವಳಿಗೆ ಥ್ಯಾಂಕ್ಸ್ ಹೇಳಬೇಕೆಂದು ನನಗೆ ಹೊಳೆದದ್ದು ತಿಂಗಳುಗಳ ಮೇಲೆ.

ನೀವೂ ಅಷ್ಟೇ ಸಣ್ಣದನ್ನು ಆರಿಸಿಕೊಳ್ಳಿ. ‘ನಾನು ಹೇಗೂ ಆ ಕಡೆ ಹೋಗ್ತಿದ್ದೀನಿ, ಮಗೂನ ಶಾಲೆಗೆ ಬಿಟ್ಟುಬಿಡಲಾ?’ ಎಂದರೆ ಅವರು ಹೂಂ ಎಂದರೆ ಸಾಕು. ಹಣ, ಕೆಲಸ, ಸಂಸಾರದ ತೀರ್ಮಾನಗಳಿಗೆ ಮಾತ್ರ ಅವರು ಕೇಳದೆ ಕೈಹಾಕಬೇಡಿ.

ಕಾಯಬಾರದ ಹೊತ್ತು

ಎರಡು ವಾರ ಕಳೆದರೂ ಮಂಕು ಇಳಿಯದಿದ್ದರೆ, ಊಟ ನಿದ್ದೆ ಕೆಟ್ಟೇ ಇದ್ದರೆ, ಕುಡಿತ ಹೆಚ್ಚಿದರೆ ವೈದ್ಯರಲ್ಲಿಗೆ ಹೋಗಲು ಜೊತೆಯಾಗಿ. ‘ನಾನಿದ್ದು ಏನು ಪ್ರಯೋಜನ’ ಎಂಬಂಥ ಮಾತು ಬಂದರೆ ‘ಸಾಯುವ ಯೋಚನೆ ಬರ್ತಿದೆಯಾ?’ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಅವರನ್ನು ಒಬ್ಬರನ್ನೇ ಬಿಡಬೇಡಿ, ಮಾತ್ರೆ, ವಿಷ, ಹರಿತವಾದ ವಸ್ತುಗಳನ್ನು ದೂರವಿಡಿ, ತಡಮಾಡದೆ ವೈದ್ಯರನ್ನೋ ಸಹಾಯವಾಣಿಯನ್ನೋ ಸಂಪರ್ಕಿಸಿ. ಯಾರಿಗೂ ಹೇಳುವುದಿಲ್ಲ ಎಂಬ ಭಾಷೆ ಇಲ್ಲಿ ಕೊಡಬಾರದು. ಇಷ್ಟನ್ನು ಒಬ್ಬರೇ ಹೊರಲಾಗದು, ಇನ್ನೊಬ್ಬ ಆಪ್ತರನ್ನು ಸೇರಿಸಿಕೊಳ್ಳಿ.

ಮೂರನೇ ವಾರ

ಮೊದಲ ವಾರ ಎಲ್ಲರೂ ಬರುತ್ತಾರೆ. ಆಮೇಲೆ ಫೋನು ನಿಲ್ಲುತ್ತದೆ, ಕಷ್ಟ ಮಾತ್ರ ಹಾಗೇ ಇರುತ್ತದೆ. ಕ್ಯಾಲೆಂಡರಿನಲ್ಲಿ ಈಗಲೇ ಒಂದು ದಿನ ಗುರುತು ಹಾಕಿಟ್ಟುಕೊಂಡು, ಆ ದಿನ ಎರಡು ಸಾಲು ಕಳಿಸಿ: ‘ನಿನ್ನ ನೆನಪಾಯಿತು. ಉತ್ತರ ಬರೆಯಲೇಬೇಕು ಅಂತೇನಿಲ್ಲ.’