ಎಲಿವೇಟ್ ಅನುದಾನಕ್ಕೆ ಅರ್ಜಿ ಬರೆಯುವ ಬಗೆ

ಹೊಸ ಉದ್ಯಮಕ್ಕೆ ಸರ್ಕಾರದ ಹಣ ಎಂದೊಡನೆ ನಮಗೆ ಸಾಲ, ಜಾಮೀನು, ಬಡ್ಡಿ ನೆನಪಾಗುತ್ತವೆ. ಕರ್ನಾಟಕ ಸರ್ಕಾರ 2017ರಲ್ಲಿ ಆರಂಭಿಸಿದ ‘ಎಲಿವೇಟ್’ನಲ್ಲಿ ಈ ತಾಪತ್ರಯಗಳಿಲ್ಲ. ಆಯ್ಕೆಯಾದ ನವೋದ್ಯಮಕ್ಕೆ 50 ಲಕ್ಷ ರೂಪಾಯಿವರೆಗೆ ಅನುದಾನ ಸಿಗುತ್ತದೆ. ಅದನ್ನು ಮರಳಿಸಬೇಕಿಲ್ಲ, ಸರ್ಕಾರ ನಿಮ್ಮ ಕಂಪನಿಯಲ್ಲಿ ಪಾಲನ್ನೂ ಕೇಳುವುದಿಲ್ಲ. ಆದರೆ ಇದು ವರ್ಷವಿಡೀ ಬಾಗಿಲು ತೆರೆದಿರುವ ಯೋಜನೆಯಲ್ಲ. ಪ್ರಕಟಣೆ ಹೊರಟಾಗ ಕೆಲವು ವಾರ ಮಾತ್ರ ಅರ್ಜಿ ಹಾಕಲು ಅವಕಾಶ. ಕಾಗದಪತ್ರಗಳನ್ನು ಆಗ ಹುಡುಕಲು ಕೂತರೆ ಗಡುವು ದಾಟಿರುತ್ತದೆ.

ಹಾಗಾಗಿ ಮೊದಲು ಸಂಸ್ಥೆಯ ಸ್ವರೂಪ ಸರಿಪಡಿಸಿಕೊಳ್ಳಿ. ಏಕವ್ಯಕ್ತಿ ಮಾಲೀಕತ್ವದ ವ್ಯವಹಾರ ಇಲ್ಲಿ ನಡೆಯುವುದಿಲ್ಲ. ಪ್ರೈವೇಟ್ ಲಿಮಿಟೆಡ್, ಎಲ್‌ಎಲ್‌ಪಿ (ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ) ಅಥವಾ ನೋಂದಾಯಿತ ಪಾಲುದಾರಿಕೆ ಸಂಸ್ಥೆ ಇರಬೇಕು, ಅದೂ ಕರ್ನಾಟಕದಲ್ಲಿ ನೋಂದಣಿಯಾಗಿರಬೇಕು. ಬಳಿಕ ಸ್ಟಾರ್ಟಪ್ ಇಂಡಿಯಾ ಜಾಲತಾಣದಲ್ಲಿ ಕೇಂದ್ರದ ಮಾನ್ಯತೆ ಪಡೆಯಿರಿ. ಇದಕ್ಕೆ ಶುಲ್ಕವಿಲ್ಲ. ಮಾಡಿಸಿಕೊಡುತ್ತೇವೆ ಎಂದು ಸಾವಿರಗಟ್ಟಲೆ ಕೇಳುವವರಿದ್ದಾರೆ, ಎಚ್ಚರ. ರಾಜ್ಯ ಸರ್ಕಾರದ ಸ್ಟಾರ್ಟಪ್ ಕರ್ನಾಟಕದ ನೋಂದಣಿ ಇದರಿಂದ ಬೇರೆ, ಅದನ್ನೂ ಮುಗಿಸಿಡಿ.

ಪ್ರಕಟಣೆಯನ್ನು ಕೊನೆಯ ಸಾಲಿನವರೆಗೆ ಓದಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ–ಪಂಗಡದವರಿಗೆ (‘ಎಲಿವೇಟ್ ಉನ್ನತಿ’), ಕಲ್ಯಾಣ ಕರ್ನಾಟಕದವರಿಗೆ ಪ್ರತ್ಯೇಕ ಸುತ್ತುಗಳು ನಡೆದಿವೆ. ನಿಮಗೆ ಹೊಂದುವ ಸುತ್ತು ಯಾವುದು ಎಂಬುದನ್ನು ಅರ್ಜಿ ಹಾಕುವ ಮೊದಲೇ ತೀರ್ಮಾನಿಸಿ.

ಇನ್ನು ಅರ್ಜಿ. ನನ್ನ ಮಟ್ಟಿಗೆ ಅದರ ಜೀವ ಇರುವುದು ಮೈಲಿಗಲ್ಲುಗಳ ಪುಟದಲ್ಲಿ. ಹಣ ಒಂದೇ ಗಂಟಾಗಿ ಬರುವುದಿಲ್ಲ, ಒಪ್ಪಿಕೊಂಡ ಕೆಲಸ ಮುಗಿದಂತೆ ಕಂತುಗಳಲ್ಲಿ ಬಿಡುಗಡೆಯಾಗುತ್ತದೆ. ಈ ಪುಟದಲ್ಲಿ ನೀವು ಬರೆದದ್ದೇ ಮುಂದೆ ನಿಮ್ಮನ್ನು ಅಳೆಯುವ ಕೋಲು. ಅಡಿಕೆ ತೋಟಕ್ಕೆ ಯಾವಾಗ ನೀರು ಬಿಡಬೇಕೆಂದು ಹೇಳುವ ಸಾಧನ ನಿಮ್ಮದು ಎಂದುಕೊಳ್ಳಿ. ‘ಉತ್ಪನ್ನ ಅಭಿವೃದ್ಧಿ – 20 ಲಕ್ಷ’ ಎಂದು ಬರೆದರೆ ಓದಿದವರಿಗೆ ಏನೂ ತಿಳಿಯುವುದಿಲ್ಲ. ‘ಮೂರನೇ ತಿಂಗಳಿಗೆ ಮಣ್ಣಿನ ತೇವ ಅಳೆಯುವ 10 ಸಾಧನಗಳು ಸಿದ್ಧ, ಆರನೇ ತಿಂಗಳಿಗೆ ಐದು ತೋಟಗಳಲ್ಲಿ ಅಳವಡಿಕೆ, ಒಂಬತ್ತನೇ ತಿಂಗಳಿಗೆ ಮಳೆಗಾಲದಲ್ಲಿ ಕೆಟ್ಟುಹೋದವುಗಳ ಲೆಕ್ಕ ಮತ್ತು ಮರುವಿನ್ಯಾಸ’ ಎಂದು ಬರೆದು, ಪ್ರತಿಯೊಂದರ ಮುಂದೆ ಖರ್ಚು ನಮೂದಿಸಿ. ಕೆಟ್ಟುಹೋಗಬಹುದು ಎಂದು ಒಪ್ಪಿಕೊಳ್ಳಲು ಹಿಂಜರಿಯಬೇಡಿ. ತೋಟದಲ್ಲಿ ಕಾಲಿಟ್ಟವರಷ್ಟೇ ಹಾಗೆ ಬರೆಯಬಲ್ಲರು. 50 ಲಕ್ಷ ಎಂಬುದು ಮಿತಿಯೇ ಹೊರತು ಎಲ್ಲರಿಗೂ ಸಿಗುವ ಮೊತ್ತವಲ್ಲ. ಕೆಲಸಕ್ಕೆ 22 ಲಕ್ಷ ಸಾಕಾದರೆ 22 ಲಕ್ಷವನ್ನೇ ಕೇಳಿ.

ಅರ್ಜಿ ಗಟ್ಟಿಯಿದ್ದರೆ ತೀರ್ಪುಗಾರರ ಮುಂದೆ ಮಂಡನೆಗೆ ಕರೆ ಬರುತ್ತದೆ. ಸಿಗುವ ಸಮಯ ಕೆಲವೇ ನಿಮಿಷ. ಸ್ಥಾಪಕರ ಬಾಲ್ಯದ ಕಥೆ ಬೇಡ. ಸಮಸ್ಯೆ ಯಾರದ್ದು, ಈಗ ಅವರು ಏನು ಮಾಡುತ್ತಿದ್ದಾರೆ, ನಿಮ್ಮದಕ್ಕೆ ಯಾಕೆ ದುಡ್ಡು ಕೊಡುತ್ತಾರೆ ಎಂಬುದನ್ನು ಹೇಳಿ, ಸಾಧನವನ್ನು ಮೇಜಿನ ಮೇಲಿಡಿ.

ಆಯ್ಕೆಯಾದ ಮೇಲೆ ಅನುದಾನವನ್ನು ನೆಚ್ಚಿಕೊಂಡು ಮುಂದಿನ ತಿಂಗಳ ಸಂಬಳದ ಲೆಕ್ಕ ಹಾಕಬೇಡಿ. ಒಪ್ಪಂದ, ಪರಿಶೀಲನೆ ಎಂದು ದಿನಗಳು ಸರಿಯುತ್ತವೆ. ಮುಂದಿನ ಕಂತಿಗೆ ಖರ್ಚಿನ ಲೆಕ್ಕ, ಹಣ ಹೇಳಿದ ಕೆಲಸಕ್ಕೇ ಖರ್ಚಾಗಿದೆ ಎನ್ನುವ ಬಳಕೆ ಪ್ರಮಾಣಪತ್ರ ಬೇಕು. ಅನುದಾನಕ್ಕೆಂದೇ ಒಂದು ಬ್ಯಾಂಕ್ ಖಾತೆ ಇಟ್ಟರೆ ಲೆಕ್ಕಪರಿಶೋಧಕರ ತಲೆನೋವು ಅರ್ಧ ಇಳಿಯುತ್ತದೆ.

ಆಯ್ಕೆಯಾಗದಿದ್ದರೂ ಬರಿಗೈಯಲ್ಲಿ ಮರಳಬೇಕಿಲ್ಲ. ರಾಜ್ಯದ 2022–27ರ ನವೋದ್ಯಮ ನೀತಿಯಲ್ಲಿ ಭಾರತದ ಪೇಟೆಂಟಿಗೆ 2 ಲಕ್ಷ, ವಿದೇಶಿ ಪೇಟೆಂಟಿಗೆ 10 ಲಕ್ಷ ರೂಪಾಯಿವರೆಗೆ ವೆಚ್ಚ ಮರುಪಾವತಿಗೆ ಅವಕಾಶವಿತ್ತು. ಅರ್ಜಿ ಹಾಕುವಾಗ ಜಾರಿಯಲ್ಲಿರುವ ನೀತಿ ಏನು ಹೇಳುತ್ತದೆ ಎಂದು ನೋಡಿಕೊಳ್ಳಿ. ಪೇಟೆಂಟ್ ವಕೀಲರ ಬಿಲ್ಲು ಮಾತ್ರ ನಿಮ್ಮ ಹೆಸರಿಗೆ ಬೇಡ, ಕಂಪನಿಯ ಹೆಸರಿಗೇ ಇರಲಿ.