ಸಿದ್ಧರಾಮೇಶ್ವರ ಮಹಾರಾಜರು ತೋರಿಸಿದ ಮೂರನೆಯ ಮೆಟ್ಟಿಲು: ನನ್ನ ಅನುಭವ

1936ರ ನವೆಂಬರ್ 9ರಂದು ದೇಹ ಬಿಟ್ಟ ಶ್ರೀ ಸಿದ್ಧರಾಮೇಶ್ವರ ಮಹಾರಾಜರ ಸಮಾಧಿ ಮುಂಬಯಿಯ ವಾಳಕೇಶ್ವರದಲ್ಲಿ, ಬಾಣಗಂಗೆಯ ಸ್ಮಶಾನದಲ್ಲಿ ಇದೆ. ಅವರ ಶಿಷ್ಯರಾಗಿ ಗಿರಗಾವಿನ ಖೇತವಾಡಿಯಲ್ಲಿ ಬೀಡಿ ಅಂಗಡಿ ನಡೆಸುತ್ತಿದ್ದ ನಿಸರ್ಗದತ್ತ ಮಹಾರಾಜರ ಹೆಸರು ಕಡಲಾಚೆಯವರಿಗೂ ಗೊತ್ತಿದೆ. ಗುರುವಿನ ಹೆಸರನ್ನಾದರೋ ಅವರು ಬಹುಕಾಲ ಬಾಳಿದ ವಿಜಯಪುರದ ಜನರಲ್ಲಿಯೇ ಹೆಚ್ಚು ಮಂದಿ ಕೇಳಿಲ್ಲ. ನಾನು ಅದೇ ಜಿಲ್ಲೆಯವನು. ಊರಿನಲ್ಲಿ ಕೇಳದ ಈ ಹೆಸರನ್ನು ಮೊದಲು ಕೇಳಿದ್ದು ಮುಂಬಯಿಗೆ ಬಂದ ಮೇಲೆ. ‘ನಾನು’ ಯಾರೆಂದು ವಿಚಾರಿಸಲು ಅವರು ಹೇಳಿದ ದಾರಿಯನ್ನು ನಾನು ಹೇಗೆ ಹಿಡಿದೆ, ಅದರ ಮೂರನೆಯ ಮೆಟ್ಟಿಲಿನಲ್ಲಿ ಎಲ್ಲಿ ತಪ್ಪಿದೆ, ಆ ತಪ್ಪನ್ನು ಯಾರು ತೋರಿಸಿಕೊಟ್ಟರು ಎಂಬುದನ್ನು ಬರೆದಿಟ್ಟರೆ ಅದೇ ಜಾಗದಲ್ಲಿ ನಿಂತಿರುವ ಇನ್ನೊಬ್ಬರಿಗೆ ಉಪಯೋಗವಾದೀತು ಎಂದು ಇದನ್ನು ಬರೆಯುತ್ತಿದ್ದೇನೆ.

ಅವರ ಪರಂಪರೆ ಕನ್ನಡ ನೆಲದ್ದು. ನಿಂಬರಗಿಯ ಮಹಾರಾಜರೆಂದು ಪ್ರಸಿದ್ಧರಾದ ಗುರುಲಿಂಗಜಂಗಮ ಮಹಾರಾಜರು ಕೊಲ್ಲಾಪುರದ ಬಳಿಯ ಸಿದ್ಧಗಿರಿಯಲ್ಲಿ ಕಾಡಸಿದ್ಧೇಶ್ವರ ಪೀಠದ ಸ್ವಾಮಿಗಳಿಂದ ನಾಮ, ಅಂದರೆ ಜಪಿಸುವ ಮಂತ್ರ, ಪಡೆದು ಬಂದವರು. ಅವರ ಅನುಗ್ರಹಕ್ಕೆ ಪಾತ್ರರಾದ ಉಮದಿಯ ಭಾವೂಸಾಹೇಬ ಮಹಾರಾಜರು (1843–1914) ಇಂಚಗೇರಿಯಲ್ಲಿ ಮಠ ಕಟ್ಟಿದರು. ಲಿಂಗಾಯತ ಸಂತರ ಕೈಯಿಂದ ಬಂದ ನಾಮವನ್ನು ದೇಶಪಾಂಡೆ ಮನೆತನದ ಬ್ರಾಹ್ಮಣರು ಹೊತ್ತು ನಡೆದದ್ದು, ಅದೇ ಮಠದಲ್ಲಿ ಸಮರ್ಥ ರಾಮದಾಸರ ಮರಾಠಿ ದಾಸಬೋಧವನ್ನೂ ಕನ್ನಡದ ಪದಗಳನ್ನೂ ಜೊತೆಯಾಗಿ ಹಾಡಿ ಓದುತ್ತ ಬಂದದ್ದು ನನಗೆ ಇಂದಿಗೂ ಬೆರಗಿನ ವಿಷಯ. ಫರ್ಗ್ಯುಸನ್ ಕಾಲೇಜಿನಲ್ಲಿ ಪಾಠ ಹೇಳಿ, ಕೊನೆಗೆ ನಿಂಬಾಳದಲ್ಲಿ ನೆಲೆಸಿದ ಗುರುದೇವ ರಾನಡೆಯವರೂ ಭಾವೂಸಾಹೇಬರ ಶಿಷ್ಯರೇ.

ಸಿದ್ಧರಾಮೇಶ್ವರರು ಹುಟ್ಟಿದ್ದು 1888ರಲ್ಲಿ, ಸೊಲ್ಲಾಪುರ ಜಿಲ್ಲೆಯ ಪಾಥರಿಯಲ್ಲಿ. ಹೆಸರೂ ಸೊನ್ನಲಿಗೆಯ ಸಿದ್ಧರಾಮನದೇ. ಹೆಚ್ಚು ಓದಲಿಲ್ಲ, ಚಿಕ್ಕ ವಯಸ್ಸಿನಲ್ಲಿಯೇ ವಿಜಯಪುರದ ಒಂದು ಮಾರವಾಡಿ ಪೇಢಿಯಲ್ಲಿ, ಅಂದರೆ ವ್ಯಾಪಾರದ ಮಳಿಗೆಯಲ್ಲಿ, ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದರು. 1906ರಲ್ಲಿ ಭಾವೂಸಾಹೇಬರಿಂದ ನಾಮ ದೊರೆಯಿತು. ಗುರುವಿನ ಮಾರ್ಗ ಧ್ಯಾನದ್ದು, ದೀರ್ಘಕಾಲ ಕುಳಿತು ನಾಮಸ್ಮರಣೆ ಮಾಡುವಂಥದ್ದು. ಮರದ ಬುಡದಿಂದ ಹಣ್ಣಿನವರೆಗೆ ಇರುವೆ ಹತ್ತಿ ಹೋಗುವ ಹಾಗೆ ಸಾಗುವುದರಿಂದ ಅದಕ್ಕೆ ಪಿಪೀಲಿಕಾ ಮಾರ್ಗವೆಂದು ಹೆಸರು. ಗುರುಗಳು ದೇಹ ಬಿಟ್ಟು ಆರು ವರ್ಷಗಳಾದ ಮೇಲೆ, 1920ರ ಹೊತ್ತಿಗೆ, ಧ್ಯಾನವನ್ನೂ ದಾಟಿ ಹೋಗಬೇಕೆಂದು ಇವರು ಹಟ ಹಿಡಿದರು. ಗುರುಬಂಧುಗಳು ಒಪ್ಪಲಿಲ್ಲ, ಇವರು ಬಿಡಲಿಲ್ಲ. ತಿಂಗಳುಗಟ್ಟಲೆ ಕುಳಿತು ಕಂಡುಕೊಂಡದ್ದನ್ನು ವಿಹಂಗಮ ಮಾರ್ಗವೆಂದು, ಅಂದರೆ ಒಂದೇ ಹಾರಿಗೆ ಹಣ್ಣಿನ ಬಳಿ ಇಳಿಯುವ ಹಕ್ಕಿಯ ದಾರಿಯೆಂದು ಕರೆದರು. ನಾನು ದೇಹ ಎಂದು ಕೇಳಿ ಕೇಳಿ, ಎಣಿಸಿ ಎಣಿಸಿ ಜೀವ ಬಂಧನಕ್ಕೆ ಒಳಗಾಗಿದೆ. ಆದ್ದರಿಂದ ನಾನು ದೇಹವಲ್ಲ ಎಂಬುದನ್ನು ಗುರುವಿನಿಂದ ಕೇಳಿ, ವಿಚಾರ ಮಾಡಿ ಆ ಕಟ್ಟನ್ನು ಬಿಚ್ಚಬೇಕು ಎಂಬುದು ಅವರ ಬೋಧೆಯ ತಿರುಳು. ಅವರ ಪ್ರವಚನಗಳನ್ನು ಮುಂಬಯಿಯ ಶಿಷ್ಯರು ಮರಾಠಿಯಲ್ಲಿ ಬರೆದಿಟ್ಟುಕೊಂಡರು. ಕೊನೆಯ ವರ್ಷಗಳಲ್ಲಿ ಅವರ ಬಳಿಗೆ ಬಂದವರಲ್ಲಿ ಸಿದ್ಧಗಿರಿಯ ಪೀಠದ ಸ್ವಾಮಿಗಳಾದ ಮುಪ್ಪಿನ ಕಾಡಸಿದ್ಧೇಶ್ವರರೂ ಒಬ್ಬರು. ನಿಂಬರಗಿಯವರಿಗೆ ನಾಮ ಕೊಟ್ಟ ಪೀಠದ ಸ್ವಾಮಿಗಳೇ ನಿಂಬರಗಿಯವರ ಪರಂಪರೆಯವರಿಂದ ಬೋಧೆ ಪಡೆದರೆಂಬುದನ್ನು ನೆನೆದಾಗಲೆಲ್ಲ, ಕೊಟ್ಟ ಬೀಜ ತಿರುಗಿ ಕಣಜಕ್ಕೆ ಬಂದಂತೆ ನನಗೆ ತೋರುತ್ತದೆ.

ನನ್ನ ಅಜ್ಜಿ ಇಂಚಗೇರಿಗೆ ನಡೆದುಕೊಳ್ಳುತ್ತಿದ್ದರು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವರೇ ನನ್ನನ್ನು ಕರೆದೊಯ್ದು ಹಿರಿಯರೊಬ್ಬರಿಂದ ನಾಮ ಕೊಡಿಸಿದರು. ಆ ನಾಮವನ್ನು ಇಲ್ಲಿ ಬರೆಯುವಂತಿಲ್ಲ. ಅದು ಕಿವಿಯಿಂದ ಕಿವಿಗೆ ಬರುವಂಥದ್ದು. ದಿನವೂ ನೇಮಕ್ಕೆ, ಅಂದರೆ ನಾಮದ ಧ್ಯಾನಕ್ಕೆ, ಕೂಡಬೇಕು, ಉಸಿರಿನ ಜೊತೆಗೆ ನಾಮ ನಡೆಯಬೇಕು, ಬೇಡುವುದು ಏನೂ ಇರಬಾರದು ಎಂಬ ಮೂರೇ ಮಾತುಗಳನ್ನು ಹೇಳಿದ್ದರು. 1991ರಲ್ಲಿ ಮುಂಬಯಿಗೆ ಬಂದು ಮಸ್ಜಿದ್ ಬಂದರಿನ ಬಟ್ಟೆ ಪೇಢಿಯೊಂದರಲ್ಲಿ ಲೆಕ್ಕ ಬರೆಯಲು ಸೇರಿದೆ. ಡೊಂಬಿವಲಿಯಲ್ಲಿ ಕೋಣೆ ಹಿಡಿದೆ. ಬೆಳಿಗ್ಗೆ ಐದೂವರೆಗೆ ನಳದಲ್ಲಿ ನೀರು ಬರುತ್ತಿತ್ತು. ಅದಕ್ಕೂ ಮೊದಲು, ನಾಲ್ಕೂವರೆಗೆ ಎದ್ದು ಗೋಡೆಗೆ ಒರಗದೆ ಮುಕ್ಕಾಲು ಗಂಟೆ ಕೂಡುತ್ತಿದ್ದೆ. ಕಾಲು ಜೋಮು ಹಿಡಿಯುವುದು, ತೂಕಡಿಕೆ, ನಿನ್ನೆಯ ರೋಜಮೇಳದ (ದಿನದ ಲೆಕ್ಕದ ಪುಸ್ತಕದ) ಅಂಕಿಗಳು ಕಣ್ಣ ಮುಂದೆ ಬರುವುದು, ಇವೆಲ್ಲ ಇದ್ದವು. ಆದರೂ ಏಳು ವರ್ಷ ನೇಮ ತಪ್ಪಲಿಲ್ಲ.

1998ರಲ್ಲಿ ಸಿದ್ಧರಾಮೇಶ್ವರರ ಪ್ರವಚನಗಳು ನನ್ನ ಕೈಗೆ ಬಂದವು. ಲೆಕ್ಕ ಬರೆಯುವವನೊಬ್ಬನು ಲೆಕ್ಕ ಬರೆಯುವ ಇನ್ನೊಬ್ಬನಿಗೆ ಹೇಳಿದಷ್ಟು ಅವು ನನಗೆ ಸ್ಪಷ್ಟವಾಗಿ ಕಂಡವು. ಹಕ್ಕಿಯ ದಾರಿ ಇರುವಾಗ ಇರುವೆಯ ನಡಿಗೆ ಯಾಕೆ ಎಂದು ನಾನು ನೇಮವನ್ನು ಬಿಟ್ಟುಬಿಟ್ಟೆ. ಇದು ನನ್ನ ದೊಡ್ಡ ತಪ್ಪು. ಅವರು ಹದಿನಾಲ್ಕು ವರ್ಷ ನಾಮ ಹಿಡಿದು ಕುಳಿತು ಆಮೇಲೆ ದಾಟಿದವರು ಎಂಬುದನ್ನು ನಾನು ಓದಿಯೂ ಗಮನಿಸಲಿಲ್ಲ.

ಆ ಪ್ರವಚನಗಳಲ್ಲಿ ಗೋಮಾಜಿ ಗಣೇಶನೆಂಬವನ ಕತೆಯೊಂದು ಬರುತ್ತದೆ. ಊರಿನ ಹೆಸರು ಅಂಧೇರಿ; ಮುಂಬಯಿಯವರಿಗೆ ಅದು ಉಪನಗರವಾಗಿ ಕೇಳಿಸಿದರೂ ಅದರೊಳಗೆ ಕತ್ತಲೆಯ ಊರೆಂಬ ಅರ್ಥವೂ ಅಡಗಿದೆ. ಗೋಮಾಜಿ ಗಣೇಶ, ಹಿತ್ತಾಳೆ ಬಾಗಿಲು ಎಂಬ ಮುದ್ರೆ ಇಲ್ಲದ ಯಾವ ಕಾಗದವೂ ಅಲ್ಲಿನ ಕಚೇರಿಯಲ್ಲಿ ನಡೆಯುತ್ತಿರಲಿಲ್ಲ. ಮುದ್ರೆ ಇಲ್ಲದ, ಆದರೆ ಉಳಿದೆಲ್ಲ ರೀತಿಯಲ್ಲಿ ಸರಿಯಾಗಿದ್ದ ಕಾಗದವೊಂದು ಒಮ್ಮೆ ನ್ಯಾಯಾಲಯಕ್ಕೆ ಬಂದಾಗ, ಈ ಗೋಮಾಜಿ ಯಾರು, ಅವನಿಗೆ ಈ ಅಧಿಕಾರ ಎಲ್ಲಿಂದ ಬಂತು ಎಂದು ವಿಚಾರಿಸಿದರೆ, ಅಂಥ ಅಧಿಕಾರವೇ ಇರಲಿಲ್ಲವೆಂದು ತಿಳಿಯಿತು. ನಾವು ಎಲ್ಲ ಕೆಲಸದ ಮೇಲೆ ಒತ್ತುವ ‘ನಾನು’ ಎಂಬ ಮುದ್ರೆಯೂ ಹಾಗೆಯೇ, ಯಾರೂ ವಿಚಾರಿಸದೆ ಚಲಾವಣೆಯಲ್ಲಿ ಉಳಿದದ್ದು. ಈ ಕತೆ ಓದಿದ ದಿನದಿಂದ ನನ್ನ ವಿಚಾರ ನಿಜವಾಗಿ ಆರಂಭವಾಯಿತು.

ಅವರು ಹೇಳುವ ಕ್ರಮ ನಾಲ್ಕು ದೇಹಗಳದ್ದು: ಸ್ಥೂಲ, ಸೂಕ್ಷ್ಮ, ಕಾರಣ, ಮಹಾಕಾರಣ. ಒಂದೊಂದನ್ನೂ ಪರೀಕ್ಷಿಸಿ, ಇದು ನಾನಲ್ಲವೆಂದು ಕಂಡು ಮುಂದಿನದಕ್ಕೆ ಸಾಗಬೇಕು. ಸ್ಥೂಲದೇಹದ ವಿಚಾರವನ್ನು ಲೋಕಲ್ ಗಾಡಿಯಲ್ಲಿ ನಿಂತುಕೊಂಡೇ ಮಾಡಿದೆ. ನನ್ನ ಕೈ, ನನ್ನ ಕಾಲು ಎನ್ನುವಾಗ ನನ್ನದು ಎಂಬುದು ನಾನು ಆಗಲಾರದು ಎಂಬುದು ಬುದ್ಧಿಗೆ ಒಂದೇ ದಿನದಲ್ಲಿ ಹತ್ತುತ್ತದೆ. ಆದರೆ ಗರ್ದಿಯಲ್ಲಿ ಯಾರಾದರೂ ಕಾಲು ತುಳಿದಾಗ ಸಿಟ್ಟಿಗೇಳುವವನು ಯಾರೆಂದು ನೋಡುವುದಕ್ಕೆ ತಿಂಗಳುಗಳು ಬೇಕಾದವು. ಸೂಕ್ಷ್ಮದೇಹವೆಂದರೆ ಇಂದ್ರಿಯಗಳು, ಪ್ರಾಣ, ಮನಸ್ಸು, ಬುದ್ಧಿ. ಕುರ್ಲಾದಿಂದ ದಾದರ್‌ವರೆಗೆ ಬಂದ ಆಲೋಚನೆಗಳನ್ನು ಒಂದೊಂದಾಗಿ ನೋಡಿ, ಇದು ಬಂತು, ಇದು ಹೋಯಿತು, ನಾನು ಇದ್ದೇನೆ ಎಂದು ಗುರುತಿಸುತ್ತ ಹೋಗುತ್ತಿದ್ದೆ. ಇದಕ್ಕಿಂತ ಹೆಚ್ಚು ಇವೆರಡರ ಬಗ್ಗೆ ಹೇಳುವುದಿಲ್ಲ, ಏಕೆಂದರೆ ಶ್ರದ್ಧೆಯಿಂದ ಹೊರಟವರೆಲ್ಲರಿಗೂ ಇವು ತಕ್ಕಮಟ್ಟಿಗೆ ಒಲಿಯುತ್ತವೆ.

ಕಷ್ಟ ಇರುವುದು ಮೂರನೆಯದರಲ್ಲಿ. ಸ್ಥೂಲವನ್ನೂ ಸೂಕ್ಷ್ಮವನ್ನೂ ಸರಿಸಿದ ಮೇಲೆ ಏನೂ ಉಳಿಯುವುದಿಲ್ಲ. ಆ ಏನೂ ಇಲ್ಲದ ಸ್ಥಿತಿ, ಆ ಗಾಢ ಮರೆವು, ಅದೇ ಕಾರಣದೇಹ. ಇದನ್ನು ಓದಿದ್ದರೂ, ಬಂದಾಗ ನಾನು ಗುರುತಿಸಲಿಲ್ಲ. 2000ದ ಬೇಸಿಗೆಯಲ್ಲಿ ಒಂದು ಭಾನುವಾರ ಮಧ್ಯಾಹ್ನ ಕುಳಿತಿದ್ದಾಗ ಎಲ್ಲವೂ ಅಳಿಸಿಹೋಯಿತು. ಶಬ್ದವಿಲ್ಲ, ಆಲೋಚನೆಯಿಲ್ಲ, ಕಾಲದ ಅರಿವಿಲ್ಲ. ಕಣ್ಣು ತೆರೆದಾಗ ಎರಡು ಗಂಟೆ ಕಳೆದಿತ್ತು. ಇದೇ ಸಮಾಧಿ ಎಂದು ನಾನು ನಂಬಿದೆ. ಆಮೇಲೆ ಸುಮಾರು ಒಂದು ವರ್ಷ ಆ ಶೂನ್ಯವನ್ನೇ ಹುಡುಕಿಕೊಂಡು ಹೋಗಿ ಅದರಲ್ಲಿ ಮುಳುಗುತ್ತಿದ್ದೆ. ಮನೆಯ ಕಡೆಗೆ ಗಮನ ಕಡಿಮೆಯಾಯಿತು. ಹೆಂಡತಿ ಮಾತನಾಡಿಸಿದರೆ ಬೇಸರ, ಮಗಳು ಅತ್ತರೆ ಕಿರಿಕಿರಿ. ಶಾಂತಿ ಪಡೆದವನಿಗೆ ಇಷ್ಟು ಕಿರಿಕಿರಿ ಏಕೆ ಎಂಬ ಪ್ರಶ್ನೆಯನ್ನು ನಾನು ಕೇಳಿಕೊಳ್ಳಬೇಕಾಗಿತ್ತು.

ಲಾಲಬಾಗಿನ ಚಾಳಿನಲ್ಲಿ ನಮ್ಮ ಸಂಪ್ರದಾಯದ ಹಿರಿಯರೊಬ್ಬರು ಇದ್ದರು. ಅಕ್ಕಲಕೋಟೆ ಕಡೆಯವರು, ಬಟ್ಟೆ ಗಿರಣಿಯಲ್ಲಿ ದುಡಿದು ಗಿರಣಿ ನಿಂತ ಮೇಲೆ ಮನೆಯಲ್ಲಿದ್ದವರು. ನಾವೆಲ್ಲ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆವು. ಅವರ ಬಳಿಗೆ ಹೋಗಿ ನನ್ನ ಸ್ಥಿತಿಯನ್ನು ವಿವರಿಸಿದೆ: “ಕಾಕಾ, ಕಣ್ಣು ಮುಚ್ಚಿ ಕೂತ್ರ ಈಗ ಏನೂ ಇರಂಗಿಲ್ಲ. ನಾನೂ ಇರಂಗಿಲ್ಲ.” ಅವರು ಅಡಿಕೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ. “ಹೌದೇನೋ ತಮ್ಮಾ? ನೀ ಇರಲಿಲ್ಲ ಅಂದ್ರ, ಅಲ್ಲಿ ಏನೂ ಇರಲಿಲ್ಲ ಅಂತ ನೋಡಿಕೊಂಡು ಬಂದು ನನಗ ಹೇಳಾಕತ್ತವ ಯಾರು?” ಎಂದರು. ನಾನು ಉತ್ತರಿಸಲಾರದೆ ಕುಳಿತೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹೇಳಿದರು: “ನಿದ್ದಿಯೊಳಗ ಎಲ್ಲಾರಿಗೂ ಏನೂ ಇರಂಗಿಲ್ಲ. ಮುಂಜಾನೆ ಎದ್ದು ಯಾರೂ ಜ್ಞಾನಿ ಆಗಿರಂಗಿಲ್ಲ. ನಾಮ ಬಿಟ್ಟೀಯೇನು?” ಬಿಟ್ಟಿದ್ದೇನೆ ಎಂದು ಒಪ್ಪಿಕೊಂಡೆ. “ಅದಕ್ಕ ಕತ್ತಲಾಗಿ ಹೊಕ್ಕು ಕುಂತೀದಿ. ದೀಪ ಹಿಡಕೊಂಡು ಹೋಗು,” ಎಂದರು.

ಮರಳಿ ಬರುವಾಗ ಗಾಡಿಯಲ್ಲಿ ನನಗೆ ಹೊಳೆದದ್ದು ನನ್ನ ಕಸುಬಿನ ಮಾತು. ಪೇಢಿಯ ಲೆಕ್ಕದಲ್ಲಿ ಯಾವ ಖಾತೆಗೆ ಸೇರಿಸಬೇಕೆಂದು ತಿಳಿಯದ ಮೊತ್ತವನ್ನು ಸಸ್ಪೆನ್ಸ್ ಖಾತೆಗೆ ಹಾಕಿ ತಾಳೆಪಟ್ಟಿಯನ್ನು ಸರಿಹೊಂದಿಸುತ್ತೇವೆ. ಕಾಗದದ ಮೇಲೆ ಎರಡೂ ಕಡೆಯ ಮೊತ್ತ ಸಮನಾಗಿ ಕಾಣುತ್ತದೆ. ಆದರೆ ಆ ಖಾತೆ ತೆರವಾಗುವವರೆಗೆ ಲೆಕ್ಕ ಮುಗಿದಂತಲ್ಲ. ನಾನು ಒಂದು ವರ್ಷದಿಂದ ಮಾಡಿದ್ದು ಅಷ್ಟೇ. ‘ನಾನು’ ಎಂಬುದನ್ನು ವಿಚಾರಿಸಿ ತೀರಿಸುವ ಬದಲು ಮರೆವಿನ ಖಾತೆಗೆ ವರ್ಗಾಯಿಸಿ, ಮೊತ್ತ ಸಮವಾಯಿತೆಂದು ಸಂತೋಷಪಟ್ಟಿದ್ದೆ. ಎದ್ದು ಹೊರಬಂದ ಕೂಡಲೇ ಅದು ಇದ್ದ ಹಾಗೆಯೇ ತಿರುಗಿ ಬರುತ್ತಿತ್ತು.

ಮರುದಿನದಿಂದ ನಾಲ್ಕೂವರೆಯ ನೇಮವನ್ನು ಮತ್ತೆ ಹಿಡಿದೆ. ಈಗ ಕ್ರಮವನ್ನು ಸ್ವಲ್ಪ ಬದಲಿಸಿದೆ. ಮೊದಲ ಅರ್ಧ ಗಂಟೆ ಉಸಿರಿನ ಜೊತೆಗೆ ಕೇವಲ ನಾಮ. ಆಮೇಲೆ ನಾಮ ತಾನಾಗಿ ಸಣ್ಣದಾಗುತ್ತ ಬಂದಾಗ ಅದನ್ನು ಒತ್ತಾಯದಿಂದ ಎತ್ತುವುದಿಲ್ಲ, ಕೈಬಿಡುವುದೂ ಇಲ್ಲ. ಮರೆವು ಬಂದು ಮುಚ್ಚುವ ಗಳಿಗೆ ಒಂದಿದೆ. ಮಾಗಿಯಲ್ಲಿ ನಮ್ಮೂರ ಹೊಲದ ಮೇಲೆ ಮಂಜು ಇಳಿಯುವಂತೆ ಅದು ಅಂಚುಗಳಿಂದ ಬರುತ್ತದೆ. ಆ ಗಳಿಗೆಯಲ್ಲಿ ಎಚ್ಚರವಾಗಿದ್ದು, ಇದು ಯಾರಿಗೆ ತಿಳಿಯುತ್ತಿದೆ ಎಂಬ ಒಂದೇ ನೋಟವನ್ನು ಇರಿಸಿಕೊಳ್ಳಬೇಕು. ಇದನ್ನು ಮಾತಿನಲ್ಲಿ ಕೇಳಿಕೊಳ್ಳಬಾರದು. ಮಾತು ಎದ್ದರೆ ಸೂಕ್ಷ್ಮದೇಹಕ್ಕೆ ಹಿಂತಿರುಗಿದಂತೆ. ನೋಟ ತಪ್ಪಿದರೆ ನಿದ್ದೆ. ನನಗೆ ಎರಡೂ ನೂರಾರು ಸಲ ಆಗಿವೆ. ತೂಕಡಿಕೆಗೂ ಕಾರಣದೇಹಕ್ಕೂ ಇರುವ ವ್ಯತ್ಯಾಸವನ್ನು ಕತ್ತಿನಿಂದ ತಿಳಿಯಬಹುದು: ಕತ್ತು ಬಾಗಿದ್ದರೆ ಅದು ಬರಿಯ ನಿದ್ದೆ. ಹಿಂದಿನ ರಾತ್ರಿ ಊಟ ಹೆಚ್ಚಾಗಿದ್ದರೆ ಕೂಡುವುದಕ್ಕಿಂತ ನಿಂತು ನಾಮ ಮಾಡುವುದು ಲೇಸು. ಮೂರನೆಯ ಮೆಟ್ಟಿಲಿನಲ್ಲಿ ನೋಟವನ್ನು ಹಿಡಿದು ನಿಲ್ಲಿಸುವುದಕ್ಕೆ ನನ್ನಂಥವನಿಗೆ ನಾಮವಲ್ಲದೆ ಬೇರೆ ಆಸರೆ ಸಿಗಲಿಲ್ಲ. ಹಕ್ಕಿಯೂ ಹಾರುವ ಮೊದಲು ಕೊಂಬೆಯನ್ನು ಕಾಲಿನಿಂದ ಗಟ್ಟಿಯಾಗಿ ಒತ್ತುತ್ತದೆ. ಸಂಪ್ರದಾಯದಲ್ಲಿ ಈ ಎರಡು ದಾರಿಗಳ ಬಗ್ಗೆ ಇಂದಿಗೂ ವಾದವಿದೆ. ನನ್ನ ಅನುಭವದ ಮಟ್ಟಿಗೆ, ನೇಮ ಬಿಟ್ಟ ಮೂರು ವರ್ಷಗಳಲ್ಲಿ ನಾನು ಹಾರಲಿಲ್ಲ, ಹಾರುವ ಮಾತನ್ನು ಕಲಿತೆ.

2004ರ ಕಾರ್ತಿಕದಲ್ಲಿ, ನೇಮದ ಕೊನೆಯಲ್ಲಿ, ಮಂಜು ಇಳಿದರೂ ನೋಟ ಮುಚ್ಚಲಿಲ್ಲ. ಏನೂ ಇಲ್ಲ ಎಂಬುದು ಕಾಣುತ್ತಿತ್ತು, ಕಾಣುವುದು ಇತ್ತು. ಬೆಳಕು, ನಾದ ಮೊದಲಾದ ಯಾವುದೂ ಇರಲಿಲ್ಲ. ಕೆಳಗೆ ಹಾಲಿನವನ ಸೈಕಲ್ಲಿನ ಸದ್ದು ಕೇಳಿಸಿತು. ಅದು ಕೇಳಿಸಿದ್ದರಿಂದ ಏನೂ ಕೆಡಲಿಲ್ಲ. ಆ ದಿನ ಮಗಳು ಹೋಮ್‌ವರ್ಕ್ ಪುಸ್ತಕ ಕಾಣುವುದಿಲ್ಲವೆಂದು ಗದ್ದಲ ಮಾಡಿದಾಗ ಕಿರಿಕಿರಿಯಾಗದೆ ಅವಳ ಜೊತೆ ಕುಳಿತು ಹುಡುಕಿದೆ. ಸಂಜೆ ಲಾಲಬಾಗಿಗೆ ಹೋಗಿ ಹೇಳಿದಾಗ ಕಾಕಾ ಅವರು ಹೊಗಳಲಿಲ್ಲ, “ಈಗ ನಾನದೀನಿ ಅನ್ನೂದೊಂದು ಉಳದೈತಿ. ಮಹಾರಾಜರು ಅದನ್ನೂ ಬಿಡು ಅಂದಾರ,” ಎಂದಷ್ಟೇ ಹೇಳಿದರು.

ಅದು ನಾಲ್ಕನೆಯದು, ಮಹಾಕಾರಣ, ತುರ್ಯವೆಂದೂ ಹೇಳುತ್ತಾರೆ. ನಾನು ಇದ್ದೇನೆ ಎಂಬ ಶುದ್ಧ ಅರಿವೂ ಒಂದು ದೇಹವೇ, ಅದನ್ನೂ ದಾಟಿದ ಮೇಲಿನ ಸ್ಥಿತಿಗೆ ವಿಜ್ಞಾನವೆಂದು ಹೆಸರು ಎಂಬುದು ಸಿದ್ಧರಾಮೇಶ್ವರರ ಬೋಧೆಯಲ್ಲಿ ಬಹಳ ಖಚಿತವಾಗಿ ಬರುವ ಮಾತು. ನನ್ನಿಂದ ಅದು ಆಗಿಲ್ಲ. ಆ ಅರಿವಿನಲ್ಲಿ ಒಂದು ಸವಿ ಇದೆ, ಅದನ್ನು ಬಿಡಲು ಮನಸ್ಸು ಒಪ್ಪುವುದಿಲ್ಲ. ಕಾಕಾ ಅವರು ಈಗ ಇಲ್ಲ. ಪ್ರತಿ ವರ್ಷ ನವೆಂಬರ್ 9ರಂದು ಪೇಢಿಗೆ ರಜೆ ಹಾಕಿ, ಗ್ರಾಂಟ್ ರೋಡ್ ನಿಲ್ದಾಣದಲ್ಲಿ ಇಳಿದು, ಬಸ್ಸು ಹಿಡಿದು ವಾಳಕೇಶ್ವರಕ್ಕೆ ಹೋಗುತ್ತೇನೆ. ಬಾಣಗಂಗೆಯ ಮೆಟ್ಟಿಲುಗಳನ್ನು ಇಳಿದು ಕಾಲು ತೊಳೆದು, ಸಮಾಧಿಯ ಎದುರಿಗೆ ಒಂದು ಗಂಟೆ ನೇಮಕ್ಕೆ ಕೂಡುತ್ತೇನೆ. ಪಕ್ಕದಲ್ಲಿ ಕೆಲವೊಮ್ಮೆ ಚಿತೆ ಉರಿಯುತ್ತಿರುತ್ತದೆ, ಸಮುದ್ರದ ಗಾಳಿಗೆ ಹೊಗೆ ಇತ್ತ ಬರುತ್ತದೆ. ಮೊದಲು ನಾಮ, ಆಮೇಲೆ ನೋಟ.