ಬಳ್ಳಾರಿಯಿಂದ ಸ್ಯಾನ್ ಫ್ರಾನ್ಸಿಸ್ಕೋ: ದೂರ ಮತ್ತು ಹೊತ್ತು ಲೆಕ್ಕ ಹಾಕುವ ಬಗೆ

ಮಕ್ಕಳ ಮನೆಗೆಂದು ಮೊದಲ ಸಲ ಅಮೆರಿಕಕ್ಕೆ ಹೊರಟ ಹಿರಿಯರು ನಮ್ಮ ಬಳ್ಳಾರಿಯಲ್ಲಿ ತಪ್ಪದೆ ಕೇಳುವುದು, ವಿಮಾನದಲ್ಲಿ ಎಷ್ಟು ಹೊತ್ತು ಕೂತಿರಬೇಕು ಎಂದು. ಇದಕ್ಕೆ ಟಿಕೆಟ್ಟಿನಲ್ಲಿರುವ ವೇಳೆಯನ್ನಷ್ಟೇ ನೋಡಿದರೆ ಸಾಲದು. ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಟ್ಟು ಅದೇ ದಿನ ಸಂಜೆ 5ಕ್ಕೆ ಸ್ಯಾನ್ ಫ್ರಾನ್ಸಿಸ್ಕೋ ತಲುಪುವುದೆಂದು ಅಚ್ಚಾಗಿದ್ದರೂ ಅದು ಮೂರು ಗಂಟೆಯ ಪ್ರಯಾಣವಲ್ಲ, ಏಕೆಂದರೆ ಎರಡೂ ಆಯಾ ಊರಿನ ಗಡಿಯಾರದ ಹೊತ್ತು.

ಮೊದಲು ದೂರವನ್ನು ಅಳೆಯಬೇಕು. ಗೋಡೆಯ ಭೂಪಟ ಇದಕ್ಕೆ ಬರುವುದಿಲ್ಲ. ಮಕ್ಕಳ ಗ್ಲೋಬ್ ಮತ್ತು ಒಂದು ಹೊಲಿಗೆ ದಾರ ಸಾಕು. ಎರಡೂ ಊರುಗಳ ಮೇಲೆ ಬೆರಳೊತ್ತಿ ದಾರವನ್ನು ಬಿಗಿಯಾಗಿ ಎಳೆದರೆ, ಅದು ತಾನಾಗಿಯೇ ಪೂರ್ವವನ್ನೂ ಪಶ್ಚಿಮವನ್ನೂ ಬಿಟ್ಟು ಉತ್ತರ ಧ್ರುವದ ಸಮೀಪಕ್ಕೆ ಸರಿದು ನಿಲ್ಲುತ್ತದೆ. 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳೇ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಏರ್ ಇಂಡಿಯಾ ವಿಮಾನವನ್ನು ತಂದದ್ದು ಆ ಧ್ರುವದ ದಾರಿಯಲ್ಲೇ. ನಮ್ಮ ಮನೆಯ 30 ಸೆಂ.ಮೀ. ಅಡ್ಡಳತೆಯ ಗ್ಲೋಬಿನಲ್ಲಿ ದಾರ 33 ಸೆಂ.ಮೀ. ಬಂತು, ಸಮಭಾಜಕ ವೃತ್ತದ ಸುತ್ತಳತೆ 94 ಸೆಂ.ಮೀ. ಇತ್ತು. ನಿಜವಾದ ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಆದ್ದರಿಂದ 33ನ್ನು 40,000ದಿಂದ ಗುಣಿಸಿ 94ರಿಂದ ಭಾಗಿಸಿದಾಗ 14,000 ಕಿ.ಮೀ.ಗೆ ತುಸು ಹೆಚ್ಚು ಸಿಕ್ಕಿತು. ಒಂದು ದಾರ ಇಷ್ಟು ಹತ್ತಿರದ ಉತ್ತರ ಕೊಡುವುದು ನನಗೆ ಈಗಲೂ ಸಂತೋಷದ ಸಂಗತಿ.

ದೊಡ್ಡ ವಿಮಾನಗಳು ಮೇಲೇರಿದ ಬಳಿಕ ಗಂಟೆಗೆ ಸುಮಾರು 900 ಕಿ.ಮೀ. ವೇಗದಲ್ಲಿ ಹಾರುವುದರಿಂದ ದೂರವನ್ನು 900ರಿಂದ ಭಾಗಿಸಿ, ಏರಲು ಇಳಿಯಲು ಅರ್ಧ ಗಂಟೆ ಸೇರಿಸಬೇಕು. ಇಲ್ಲಿ ಹದಿನಾರು ಗಂಟೆ ಬರುತ್ತದೆ. ವಾಯುಪ್ರದೇಶ ಮುಚ್ಚಿದ್ದರೆ ಸುತ್ತು ಹೆಚ್ಚುತ್ತದೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತದ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿದಾಗ ಹೀಗೇ ಆಯಿತು. ಗಾಳಿಯೂ ಲೆಕ್ಕಕ್ಕೆ ಬರುತ್ತದೆ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಲವಾಗಿ ಬೀಸುವ ಗಾಳಿಯಿಂದಾಗಿ ಬೆಂಗಳೂರಿನಿಂದ ಲಂಡನ್ನಿಗೆ ಹೋಗುವ ಹೊತ್ತಿಗಿಂತ ಮರಳುವ ಹೊತ್ತು ಸಾಮಾನ್ಯವಾಗಿ ಕಡಿಮೆ.

ಇನ್ನು ಗಡಿಯಾರ. ಮಾರ್ಚ್ ಎರಡನೆಯ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಕ್ಯಾಲಿಫೋರ್ನಿಯಾ ನಮಗಿಂತ ಹನ್ನೆರಡೂವರೆ ಗಂಟೆ ಹಿಂದಿರುತ್ತದೆ, ಉಳಿದ ಕಾಲದಲ್ಲಿ ಹದಿಮೂರೂವರೆ. ಮೇಲಿನ ಟಿಕೆಟ್ ಡಿಸೆಂಬರಿನದಾದರೆ ಮೂರಕ್ಕೆ ಹದಿಮೂರೂವರೆ ಕೂಡಿಸಿ, ಹದಿನಾರೂವರೆ ಗಂಟೆ ಎನ್ನಬೇಕು. ಮರಳುವಾಗ ಇದನ್ನೇ ಕಳೆಯಬೇಕು.

ಮನೆಯ ಬಾಗಿಲಿನಿಂದ ಲೆಕ್ಕ ಹಿಡಿಯುವುದು ಲೇಸು. ಅನಂತಪುರದ ಮೇಲೆ ಹೋದರೆ ದೇವನಹಳ್ಳಿಯ ವಿಮಾನ ನಿಲ್ದಾಣ ಬೆಂಗಳೂರಿಗಿಂತ ಮೊದಲೇ ಸಿಗುತ್ತದೆ. ಕಾರಿಗೆ ಆರು ಗಂಟೆ, ನಿಲ್ದಾಣದಲ್ಲಿ ಮೂರು ಗಂಟೆ ಇಟ್ಟುಕೊಳ್ಳಬೇಕು. ರಾಯಚೂರಿನವರಿಗೆ ಹೈದರಾಬಾದಿನ ಶಂಷಾಬಾದ್ ನಿಲ್ದಾಣ ಹತ್ತಿರ. ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಮೊದಲೇ ಕೇಳಿ, ಗಂಟೆಗಳನ್ನು ಚೀಟಿಯಲ್ಲಿ ಬರೆದುಕೊಳ್ಳಬೇಕು. ನಮ್ಮ ತಾಯಿಯವರು ವಿಮಾನ ಇಳಿಯುವ ತನಕ ಕೈಗಡಿಯಾರವನ್ನು ಬಳ್ಳಾರಿಯ ಹೊತ್ತಿಗೇ ಇಟ್ಟುಕೊಂಡು, ಆ ಚೀಟಿಯಂತೆಯೇ ಮಾತ್ರೆ ನುಂಗಿದರು.